ಮೂರನೆಯವನು ಬರುವವರೆಗೆ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಓಟದ ಪಂದ್ಯವೆಂದರೆ ಮುಂದೆ ಹೋದವನು ಗೆದ್ದ, ಹಿಂದೆ ಉಳಿದವನು ಸೋತ ಎಂದು ನಾವೆಲ್ಲ ತಿಳಿದಿದ್ದೇವೆ. ಮುಂದೆ ಹೋದವನು ನಿಂತು ಹಿಂದಿನವನಿಗಾಗಿ ಕಾಯಬೇಕಾದ ಪಂದ್ಯವೂ ಒಂದುಂಟೆಂದರೆ ಗೆಳತಿಯರು ನಕ್ಕಾರು. ಆದರೆ ಅಂಥದೊಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅದರ ಹೆಸರು ‘ಪಾತ್ರುಯ್ ದೆ ಗ್ಲಾಸಿಯೇ’. ಹಿಮನದಿಗಳ ಪಹರೆ ಎಂದು ನಾವು ಕರೆಯಬಹುದು. ನಮ್ಮ ವಿದ್ಯಾಭ್ಯಾಸ ಪದ್ಧತಿಯು ಈ ಪಂದ್ಯದಿಂದ ಕಲಿಯತಕ್ಕ ಪಾಠವೊಂದಿದೆಯೆಂಬುದು ನನ್ನ ಅಭಿಪ್ರಾಯ.

ಮೊದಲು ಪಂದ್ಯದ ವಿಚಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಸ್ವಿಸ್ ಸೈನ್ಯವು ತನ್ನ ಪರ್ವತದಳದ ಶಕ್ತಿಯನ್ನು ಒರೆಗೆ ಹಚ್ಚಲು ಇದನ್ನು ಆರಂಭಿಸಿತು. ಇಂದು ಸೈನಿಕರಲ್ಲದವರೂ, ಹೆಂಗಸರೂ ಭಾಗವಹಿಸುತ್ತಾರೆ. ಜೆರ್ಮಾಟ್‌ನಿಂದ ಆರೋಲಾ ಮಾರ್ಗವಾಗಿ ವೆರ್ಬಿಯೇವರೆಗೆ ಸುಮಾರು 57 ಕಿಲೋಮೀಟರು ದಾರಿ; ಒಟ್ಟು ಏರು 4,000 ಮೀಟರಿಗೂ ಮಿಗಿಲು. ತೆತ್ ಬ್ಲಾಂಶ್ ಎಂಬಲ್ಲಿ ಹಾದಿ ಸುಮಾರು 3,650 ಮೀಟರು ಎತ್ತರಕ್ಕೆ ಏರುತ್ತದೆ. ಸಾಮಾನ್ಯ ಯಾತ್ರಿಕರು ಹಲವು ದಿನಗಳಲ್ಲಿ ಕ್ರಮಿಸುವ ಈ ದೂರವನ್ನು ತಂಡಗಳು ಇರುಳಿನಲ್ಲಿ ಹೊರಟು ಒಂದೇ ಬಾರಿಗೆ ಮುಗಿಸಬೇಕು. ಏರುವಾಗ ಸ್ಕೀ ಹಲಗೆಗಳ ಅಡಿಗೆ ರೋಮದ ಪಟ್ಟಿಯನ್ನು ಅಂಟಿಸುತ್ತಾರೆ. ರೋಮವು ಹಿಂದಕ್ಕೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದು. ತುದಿ ಮುಟ್ಟಿದೊಡನೆ ಪಟ್ಟಿಯನ್ನು ಕಿತ್ತು ಮಡಿಚಿಟ್ಟು ಇಳಿಯುತ್ತಾರೆ. ತೀರ ಕಡಿದಾದ ಕಡೆ ಹಲಗೆಗಳು ಬೆನ್ನಿಗೆ, ಪಯಣ ಕಾಲ್ನಡಿಗೆ.

ತಂಡಕ್ಕೆ ಮೂವರು. ತಂಡದ ಕಾಲ ಲೆಕ್ಕಕ್ಕೆ ಬರುವುದು ಮೂರನೆಯವನು ಗುರಿ ಮುಟ್ಟಿದಾಗ. ಬಿರುಕುಗಳಿರುವ ಹಿಮನದಿಯ ಮೇಲೆ ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಸಾಗುತ್ತಾರೆ. ಇಂಥ ಪಂದ್ಯಗಳಲ್ಲಿ ಬಲವಾದವನು ದಣಿದವನನ್ನು ಹಿಗ್ಗುವ ದಾರದಿಂದ ಎಳೆಯುವುದೂ ಉಂಟು. ಅವನು ಬೇಗ ಬಂದರೇನೇ ತಾನು ಬೇಗ ಬಂದಂತೆ ಎಂಬುದು ಎಳೆಯುವವನಿಗೆ ಗೊತ್ತು.

ಇದರಿಂದ ಸಮರ್ಥನಿಗೆ ಅನ್ಯಾಯವಾಗದೆ ಎಂದು ಕೇಳುವವರಿದ್ದಾರೆ. ಅತಿವೇಗದ ತಂಡಗಳು ಈ ದಾರಿಯನ್ನು ಆರು ಗಂಟೆಗೂ ಕಡಿಮೆ ಕಾಲದಲ್ಲಿ ಮುಗಿಸಿವೆ. ಕೂಡಿ ಹೋಗುವುದರಿಂದ ವೇಗ ಕುಂದಲೇಬೇಕೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕೂಡಿ ಹೋದವರು ಕೂಡಿಯೇ ಬೀಳಬಹುದೆಂಬ ಇನ್ನೊಂದು ಆಕ್ಷೇಪ ಮಾತ್ರ ಸುಳ್ಳಲ್ಲ. 1949ರ ಪಂದ್ಯದಲ್ಲಿ ಒಂದು ತಂಡದ ಮೂವರೂ ಬಿರುಕಿಗೆ ಬಿದ್ದು ಪ್ರಾಣಬಿಟ್ಟರು. ಪಂದ್ಯವನ್ನು ನಿಷೇಧಿಸಿದರು, ಅದು ಮತ್ತೆ ನಡೆದುದು 1984ರಲ್ಲಿ. ಆಗಲೂ ಮೂವರ ತಂಡವನ್ನು ಬಿಡಲಿಲ್ಲ. ಇಂದು ದಾರಿಯುದ್ದಕ್ಕೂ ಪರ್ವತ ಮಾರ್ಗದರ್ಶಿಗಳೂ ವೈದ್ಯರೂ ಇರುತ್ತಾರೆ; ಹವೆ ಕೆಟ್ಟರೆ ಪಂದ್ಯ ನಿಲ್ಲುತ್ತದೆ. ಅಪಾಯವಿದೆಯೆಂದು ಹಗ್ಗವನ್ನು ಬಿಚ್ಚದೆ ಹಾದಿಯನ್ನು ಭದ್ರಪಡಿಸಿದುದು ಸರಿಯಾದ ಕ್ರಮವೆಂದೇ ನಾನು ಎಣಿಸುತ್ತೇನೆ.

ಈ ಕ್ರೀಡೆಯನ್ನು 2026ರ ಚಳಿಗಾಲದ ಒಲಿಂಪಿಕ್ಸಿಗೆ ಸೇರಿಸಲು 2021ರಲ್ಲಿ ನಿರ್ಣಯವಾಯಿತು. ಸಂತೋಷವೇ. ಆದರೆ ಆರಿಸಿದುದು ಒಬ್ಬೊಬ್ಬರೇ ಓಡುವ ಕಿರುಪಂದ್ಯವನ್ನು, ಮತ್ತು ಹೆಣ್ಣೂ ಗಂಡೂ ಸರದಿಯಂತೆ ಓಡುವ ರಿಲೇಯನ್ನು. ರಿಲೇಯಲ್ಲಿ ಒಬ್ಬರು ಏದುಸಿರು ಬಿಡುವಾಗ ಇನ್ನೊಬ್ಬರು ನಿಂತು ನೋಡುತ್ತಾರೆ. ಜೊತೆಯಾಗಿ ಇರುಳೆಲ್ಲ ಸಾಗುವ ದೀರ್ಘ ಪಂದ್ಯಕ್ಕೆ ಸ್ಥಳ ದೊರೆಯಲಿಲ್ಲ. ನೋಡುವವರಿಗೆ ಅನುಕೂಲವಾದುದು ಉಳಿಯಿತು, ಕ್ರೀಡೆಯ ಸತ್ತ್ವ ಹೊರಗುಳಿಯಿತು.

ನಾವೂ ಇದನ್ನೇ ಮಾಡುತ್ತಿಲ್ಲವೆ? ಕಾಲೇಜುಗಳ ವಾರ್ಷಿಕ ವರದಿಗಳಲ್ಲಿ ಪ್ರಥಮ ದರ್ಜೆ ಪಡೆದವರ ಸಂಖ್ಯೆ ಅಚ್ಚಾಗುತ್ತದೆ. ಮೊದಲ ವರ್ಷಕ್ಕೆ ಸೇರಿ ಮೂರನೆಯ ವರ್ಷಕ್ಕೆ ಬಾರದೆ ಹೋದವರ ಸಂಖ್ಯೆಯನ್ನು ಹುಡುಕಿದರೂ ಕಾಣೆವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮೊದಲು ಬಂದವಳೆಂದು ನೆಂಟರು ನನ್ನನ್ನು ಹೊಗಳುತ್ತಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಕೂಲಿಗೆ ಹೋದ ಅಕ್ಕನ ದುಡ್ಡಿನಿಂದ ನನ್ನ ಪುಸ್ತಕಗಳು ಬಂದವು. ಎಳೆದವಳು ಅವಳು, ಎಳೆಸಿಕೊಂಡವಳು ನಾನು. ಪದವಿ ಪತ್ರದಲ್ಲಿ ಮಾತ್ರ ಒಂದೇ ಹೆಸರು ಇರುತ್ತದೆ. ಅಕ್ಕನಂಥವರಿಗೆ ಮತ್ತೆ ಪರೀಕ್ಷೆಗೆ ಕಟ್ಟುವ ದಾರಿ ತೋರಿಸುವುದು ನಮ್ಮ ಸಾಲ. ಉಪಕಾರವೆಂದು ಅದಕ್ಕೆ ಹೆಸರಿಡಬಾರದು.

ಕಾಲೇಜಿನಲ್ಲಿ ಮಾಡಬಹುದಾದುದು ಇನ್ನೂ ಸುಲಭ. ಅಂತಿಮ ವರ್ಷದ ಒಬ್ಬೊಬ್ಬರು ಮೊದಲ ವರ್ಷದ ಇಬ್ಬರನ್ನು ಜೊತೆಗೆ ಹಾಕಿಕೊಂಡು ವಾರಕ್ಕೆರಡು ಸಂಜೆ, ಇಂಗ್ಲಿಷೋ ಅರ್ಥಶಾಸ್ತ್ರವೋ, ಅವರಿಗೆ ಕಠಿಣವಾದುದನ್ನು ಓದಿಸಲಿ. ಮೂವರ ತಂಡವಾಯಿತು. ವಾರ್ಷಿಕ ವರದಿಯಲ್ಲಿ ದರ್ಜೆಗಳ ಪಟ್ಟಿಯ ಪಕ್ಕದಲ್ಲೇ, ಸೇರಿದವರೆಷ್ಟು, ಮುಗಿಸಿದವರೆಷ್ಟು ಎಂದು ಎರಡು ಸಾಲು ಅಚ್ಚಾಗಲಿ. ಬರುವ ವರ್ಷದ ವಿದ್ಯಾರ್ಥಿ ಸಂಘದವರು ಇದನ್ನು ಕೈಗೆತ್ತಿಕೊಳ್ಳುವರೆಂದು ಹಾರೈಸುತ್ತೇನೆ.