ಅಪ್ಪ ಬಂದು ಸಹಿ ಹಾಕುವ ತನಕ

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತ ಮೊದಲ ತಲೆಯವರು ನಾವು. ಹೀಗಾಗಿ ಸಹಿಯ ಬಗ್ಗೆ ನಾಲ್ಕು ಮಾತು ಆಡುವ ಹಕ್ಕು ನಮಗಿದೆ.

ಭೀಮಾ ದಂಡೆಯ ಒಂದು ಊರು, ಆ ಊರಿನ ಒಂದು ಸಾಲಿ. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲ ಒಬ್ಬ ಮಾಸ್ತರನ ತಲೆಯ ಮೇಲೆ ಬಿದ್ದು ಉಳಿದವರು ಕೈ ತೊಳಕೊಂಡು ಕೂಡುತ್ತಾರೆ. ನಮ್ಮ ಕಾಕಾನ ಮಗ ಅಲ್ಲಿ ನಾಲ್ಕನೆಯ ಇಯತ್ತೆ ಓದುತ್ತಿದ್ದ. ಬಿಸಿಯೂಟದ ಬಿಡುವಿನಲ್ಲಿ ಬೇವಿನ ಗಿಡದಿಂದ ಬಿದ್ದ. ಮೊಣಕೈ ಮೇಲಿನ ಎಲುಬು ಮುರಿಯಿತು. ಕೈ ಬಾತಿತು, ಬೆರಳು ಬೆಳ್ಳಗಾಗಿ ತಣ್ಣಗಾದವು. ಮಾಸ್ತರರ ಮೋಟರ್ ಸೈಕಲ್ ಅಂಗಳದಲ್ಲೇ ನಿಂತಿತ್ತು. "ಮೊದಲ ಅವರಪ್ಪಗ ಫೋನ್ ಹಚ್ರಿ, ಅವ ಬರ್ಲಿ. ನಾಳಿ ಏನರ ಹೆಚ್ಚು ಕಮ್ಮಿ ಆದ್ರ ನಮ್ಮ ಕುತ್ತಿಗೀಗಿ ಬರ್ತದ" ಅಂದರು.

ಅಪ್ಪ ಎಲ್ಲಿದ್ದ? ಪುಣೆಯಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದ. ಅವ್ವ ಅದೇ ಕಟ್ಟಡಕ್ಕೆ ಇಟ್ಟಂಗಿ ಹೊರುತ್ತಿದ್ದಳು. ಫೋನ್ ಹತ್ತಲಿಲ್ಲ. ಹುಡುಗರು ತೊಗರಿ ಹೊಲಕ್ಕೆ ಓಡಿ, ಕಳೆ ತೆಗೆಯುತ್ತಿದ್ದ ಆಯಿಯನ್ನು ಹುಡುಕಿ ಕರೆತಂದರು. ಆ ಹೊತ್ತಿಗೆ ಎರಡು ತಾಸು ಕಳೆದಿತ್ತು.

ದೊಡ್ಡ ದವಾಖಾನೆಗೆ ಮುಟ್ಟಿದಾಗ ಸಂಜೆ. ರಕ್ತನಾಳ ಒತ್ತಿದೆ, ಬೇಗ ಆಪರೇಷನ್ ಆಗಬೇಕು ಅಂದರು. ಕಾಗದ ಮುಂದಿಟ್ಟರು. ಆಯಿ ಹೆಬ್ಬೆಟ್ಟು ಚಾಚಿದಳು. "ನಿಂದು ನಡಿಯಂಗಿಲ್ಲಬೇ, ತಂದಿ ತಾಯಿದೇ ಬೇಕು" ಅಂದರು. ಅಪ್ಪ ರಾತ್ರಿ ರೈಲಿನಲ್ಲಿ ನಿಂತುಕೊಂಡೇ ಬಂದ. ಮುಂಜಾನೆ ಸಹಿ ಹಾಕಿದ. ಆಪರೇಷನ್ ಆಯಿತು, ಕೈ ಉಳಿಯಿತು. ಬೆರಳು ಮಾತ್ರ ಮಡಚಿಕೊಂಡೇ ಉಳಿದವು. ಬಲಗೈ. ಹುಡುಗ ಈಗ ಎಡಗೈಯಲ್ಲಿ ಅಕ್ಷರ ತಿದ್ದುತ್ತಾನೆ.

ಅದೇ ಆಯಿಯ ಹೆಬ್ಬೆಟ್ಟು ಸಾಹುಕಾರನ ಸಾಲದ ಕಾಗದಕ್ಕೆ ನಡೆದಿತ್ತು. ಹೊಲದ ಬರವಣಿಗೆಗೆ ನಡೆದಿತ್ತು. ರೇಷನ್ ಅಂಗಡಿಯ ಮಷೀನಿಗೆ ತಿಂಗಳು ತಿಂಗಳು ನಡೆಯುತ್ತದೆ. ಓದು ಬಾರದವರ ಗುರುತೂ ಸಹಿಯೇ ಎಂದು 1897ರ ಜನರಲ್ ಕ್ಲಾಸಸ್ ಕಾಯಿದೆ ಹೇಳುತ್ತದೆ. ಮೊಮ್ಮಗನ ಕೈ ಉಳಿಸುವಾಗ ಮಾತ್ರ ನಡೆಯಲಿಲ್ಲ. ಯಾಕೆ? ನಾವು ಕೇಳುತ್ತಿದ್ದೇವೆ, ಯಾಕೆ?

'ಕಾನೂನು ಹಂಗೈತಿ' ಅಂತ ಎಲ್ಲರೂ ಅನ್ನುತ್ತಾರೆ. ಯಾವ ಕಾನೂನು? ನಾವು ಡಿಗ್ರಿ ಮುಗಿಸಿ ಊರಿಗೆ ಬಂದವರು, ನೌಕರಿ ಇಲ್ಲ, ಪುರಸೊತ್ತು ಇದೆ. ತೆಗೆದು ಓದಿದೆವು. 1860ರ ಭಾರತ ದಂಡ ಸಂಹಿತೆಯ ಕಲಂ 92ರಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ. ಒಂದು ಮಗುವಿಗೆ ಅಪಘಾತವಾಗಿದೆ, ತಕ್ಷಣ ಶಸ್ತ್ರಚಿಕಿತ್ಸೆ ಮಾಡದಿದ್ದರೆ ಜೀವ ಹೋಗಬಹುದು, ಪಾಲಕರನ್ನು ಕೇಳುವಷ್ಟು ಹೊತ್ತಿಲ್ಲ. ಮಗು ಬೇಡವೆಂದು ಅತ್ತರೂ, ಅದರ ಒಳಿತಿಗೆಂದೇ ಡಾಕ್ಟರ್ ಕೊಯ್ದರೆ ಅದು ಅಪರಾಧವಲ್ಲ. ಬ್ರಿಟಿಷರು ಬರೆದಿಟ್ಟ ಮಾತು ಇದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 30ರಲ್ಲೂ ಅದು ಹಾಗೇ ಇದೆ. ಜೀವಕ್ಕೆ ಮಾತ್ರವಲ್ಲ, ತೀವ್ರ ಗಾಯ ತಡೆಯುವುದಕ್ಕೂ ಈ ಕಲಂ ಅನ್ವಯಿಸುತ್ತದೆ. ಇನ್ನೊಂದು ಮಾತು ನೋಡಿ ಗೆಳೆಯರೇ. ಹನ್ನೆರಡು ವರ್ಷದೊಳಗಿನ ಮಗುವಿನ ವಿಷಯಕ್ಕೆ ಬಂದಾಗ ಕಾನೂನು 'ತಂದೆ ತಾಯಿ' ಎಂದು ಹಟ ಹಿಡಿಯುವುದಿಲ್ಲ. ಪಾಲಕರು ಅಥವಾ ಮಗು ಯಾರ ಸುಪರ್ದಿನಲ್ಲಿ ನ್ಯಾಯವಾಗಿ ಇದೆಯೋ ಅವರು ಎನ್ನುತ್ತದೆ. ಅಪ್ಪ ಅವ್ವ ಪುಣೆಯಲ್ಲಿದ್ದಾಗ ಆ ಹುಡುಗ ಯಾರ ಸುಪರ್ದಿನಲ್ಲಿದ್ದ? ಉಣಿಸಿ, ತೊಳೆದು, ಸಾಲಿಗೆ ಕಳಿಸಿದ ಆಯಿಯ ಸುಪರ್ದಿನಲ್ಲಲ್ಲವೇ? ಹಾಜರಿ ಹಾಕಿದ ಮೇಲೆ ಮಾಸ್ತರರ ಸುಪರ್ದಿನಲ್ಲಲ್ಲವೇ?

ಡಾಕ್ಟರರ ಕಡೆಯದೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗದು. ಅಪ್ರಾಪ್ತರಿಗೆ ಆಪರೇಷನ್ ಮಾಡುವ ಮುಂಚೆ ತಂದೆ ತಾಯಿ ಇಲ್ಲವೇ ಪಾಲಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು ಎಂದು ಮೆಡಿಕಲ್ ಕೌನ್ಸಿಲಿನ 2002ರ ನಿಯಮ ಹೇಳಿತು. ಅವರು ಹೆದರುವುದು ಅದಕ್ಕೆ. ಆದರೆ ಒಪ್ಪಿಗೆಯ ಬಗ್ಗೆ ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ದೊಡ್ಡ ತೀರ್ಪಿನಲ್ಲೇ ತುರ್ತು ಹೊತ್ತಿಗೆ ವಿನಾಯಿತಿ ಇದೆ. ಅದಕ್ಕೂ ಮುಂಚೆ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದ ತೀರ್ಪು ಬಂದಿತ್ತು. ಸ್ಕೂಟರಿನಿಂದ ಬಿದ್ದವನನ್ನು 'ಇದು ಪೊಲೀಸ್ ಕೇಸು, ಇಲ್ಲಿ ಆಗಲ್ಲ' ಎಂದು 20 ಕಿಲೋಮೀಟರು ಆಚೆಯ ದವಾಖಾನೆಗೆ ಅಟ್ಟಿದರು, ದಾರಿಯಲ್ಲೇ ಸತ್ತ. ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದು ಮೊದಲು, ಕಾಗದ ಪತ್ರ ಆಮೇಲೆ ಎಂದಿತು ಕೋರ್ಟು. 1996ರಲ್ಲಿ ಇನ್ನೊಂದು ತೀರ್ಪು. ಪಶ್ಚಿಮ ಬಂಗಾಳದ ಹಾಕಿಂ ಶೇಖ್ ಎಂಬ ಕೂಲಿಕಾರ ರೈಲಿನಿಂದ ಬಿದ್ದು ತಲೆ ಒಡಕೊಂಡಾಗ ಒಂದಾದ ಮೇಲೊಂದು ಸರ್ಕಾರಿ ದವಾಖಾನೆ 'ಹಾಸಿಗಿ ಇಲ್ಲ' ಅಂದವು. ಅವನ ಕೂಲಿಕಾರರ ಸಂಘ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಬರೆಸಿಕೊಂಡು, 25,000 ರೂಪಾಯಿ ಪರಿಹಾರ ಪಡೆದು ಬಂದಿತು. ಈ ತೀರ್ಪನ್ನು ದೊಡ್ಡವರು ಕೊಡಿಸಲಿಲ್ಲ, ಕೂಲಿಕಾರರು ಕೊಡಿಸಿದ್ದು.

ಕಾನೂನು ಅಡ್ಡ ಬಂದಿಲ್ಲ ಎಂದ ಮೇಲೆ ಅಡ್ಡ ಬಂದದ್ದು ಏನು?

ನಮ್ಮದು ಹಿಂದುಳಿದ ಭಾಗ, 371(ಜೆ) ಕೊಟ್ಟರೂ ಉದ್ಧಾರವಾಗದ ಭಾಗ, ಇಲ್ಲಿ ಹೀಗೇ ಎಂದು ಬೆಂಗಳೂರಿನವರು ಅನ್ನಬಹುದು. ಅವರು ಕೇರಳ ನೋಡಲಿ. ಅಕ್ಷರಸ್ಥರ ರಾಜ್ಯ. ನಮ್ಮ ಚಾಮರಾಜನಗರದ ಗಡಿಗೆ ಹತ್ತಿಕೊಂಡಿರುವ ವಯನಾಡಿನ ಸುಲ್ತಾನ್ ಬತ್ತೇರಿ. 2019ರ ನವೆಂಬರ್ 20ರಂದು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಯ ಹುಡುಗಿಗೆ ತರಗತಿಯೊಳಗೇ, ಗೋಡೆ ಬುಡದ ತೂತಿನಿಂದ ಬಂದ ಹಾವು ಕಡಿಯಿತು. ಅಪ್ಪ ಬರಲಿ ಎಂದು ಕಾಯಿಸಿದರು ಎಂದು ಜತೆಯ ಮಕ್ಕಳೇ ಊರಿಗೆಲ್ಲ ಹೇಳಿದರು. ಆ ಮಕ್ಕಳಿಗೆ ತಿಳಿದದ್ದು ದೊಡ್ಡವರಿಗೆ ತಿಳಿಯಲಿಲ್ಲ. ಹುಡುಗಿ ದವಾಖಾನೆಯಿಂದ ದವಾಖಾನೆಗೆ ಸುತ್ತಿ ದಾರಿಯಲ್ಲಿ ತೀರಿಕೊಂಡಳು. ಮಾಸ್ತರು ಅಮಾನತಾದರು, ಡಾಕ್ಟರೂ ಅಮಾನತಾದರು. ಹಾವಿನ ವಿಷ ಅಪ್ಪನ ದಾರಿ ಕಾಯುತ್ತದೆಯೇ?

ನಮ್ಮ ಅಫಜಲಪುರ ತಾಲೂಕಿಗೇ ಬರೋಣ. 2023ರ ನವೆಂಬರಿನಲ್ಲಿ ಚಿಣಮಗೇರಾದ ಸರ್ಕಾರಿ ಶಾಲೆಯ ಎರಡನೆಯ ತರಗತಿಯ ಹುಡುಗಿ ಬಿಸಿಯೂಟದ ಕುದಿಯುವ ಸಾಂಬಾರಿನ ಪಾತ್ರೆಗೆ ಬಿದ್ದಳು. ಅಲ್ಲಿ ಸಹಿಗಾಗಿ ಕಾಯಿಸಿದರು ಎಂದು ನಾವು ಹೇಳುತ್ತಿಲ್ಲ. ಆದರೆ ಸುಟ್ಟ ಮೈ ಹೊತ್ತು ಅವಳು ಪ್ರಯಾಣ ಮಾಡಿದ ದಾರಿ ನೋಡಿ. ಕಲಬುರಗಿ, ಅಲ್ಲಿಂದ ಸುಮಾರು 600 ಕಿಲೋಮೀಟರು ದೂರದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ. ಅಲ್ಲಿ ಸತ್ತಳು. ಏಳು ವರ್ಷ. ಆಮೇಲೆ ಅಮಾನತು, ನೋಟಿಸು, ಪೇಪರಿನಲ್ಲಿ ಫೋಟೋ. ತಪ್ಪಿದವರಿಗೆ ಶಿಕ್ಷೆ ಬೇಡ ಎನ್ನುವವರು ನಾವಲ್ಲ. ಆದರೆ ಅಮಾನತಿನ ಆರ್ಡರಿನಿಂದ ಅಕ್ಕಪಕ್ಕದ ಊರಿನ ಮಾಸ್ತರು ಏನು ಕಲಿತ? ಬಿಸಿ ಪಾತ್ರೆಗೆ ಕಟ್ಟೆ ಕಟ್ಟಿಸಬೇಕೆಂದು ಕಲಿತನೇ, ಅಥವಾ ಮೊದಲು ತನ್ನ ಕಾಗದ ಸರಿ ಇಟ್ಟುಕೊಳ್ಳಬೇಕೆಂದು ಕಲಿತನೇ? ನಮ್ಮ ಕಾಕಾನ ಮಗ ಬಿದ್ದ ದಿನ ಆ ಮಾಸ್ತರರ ಬಾಯಲ್ಲಿ ಬಂದ 'ಕುತ್ತಿಗೀಗಿ ಬರ್ತದ' ಎಂಬ ಮಾತು ಇಲ್ಲಿಂದಲೇ ಹುಟ್ಟಿದ್ದು.

ಈಗ ಇದರ ಇನ್ನೊಂದು ಮುಖ. ಒಪ್ಪಿಗೆ ಎಂಬುದೇ ಬೇಡ ಎಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ನಮ್ಮನ್ನು ಕೇಳದೇ ನಮ್ಮ ಮೈ ಮುಟ್ಟುವುದು ಈ ದೇಶದಲ್ಲಿ ಹಳೆಯ ರೂಢಿ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಪ್ರಯೋಗ ನಡೆಯಿತು. ಅಮೆರಿಕದ ಪಾತ್ ಎಂಬ ಸಂಸ್ಥೆ, ನಮ್ಮ ಐಸಿಎಂಆರ್, ರಾಜ್ಯ ಸರ್ಕಾರ ಕೂಡಿ ಮಾಡಿದ್ದು. 10ರಿಂದ 14 ವರ್ಷದ ಸಾವಿರಾರು ಹುಡುಗಿಯರು, ಬಹಳ ಮಂದಿ ಆದಿವಾಸಿ ಹಾಸ್ಟೆಲುಗಳವರು. ಖಮ್ಮಂ ಮತ್ತು ಗುಜರಾತಿನಲ್ಲಿ ಸೇರಿ ಏಳು ಹುಡುಗಿಯರು ಸತ್ತ ಸುದ್ದಿ ಹೊರಬಿದ್ದು 2010ರಲ್ಲಿ ಪ್ರಯೋಗ ನಿಂತಿತು. ಸಾವು ಲಸಿಕೆಯಿಂದಲ್ಲ ಎಂದಿತು ಸರ್ಕಾರದ ವಿಚಾರಣೆ. ಲಸಿಕೆಯ ಮೇಲೆ ನಮ್ಮ ಜಗಳವೂ ಇಲ್ಲ, ನಮ್ಮ ಹೆಣ್ಣುಮಕ್ಕಳಿಗೆ ಅದು ಬೇಕು. ಜಗಳ ಇರುವುದು ಒಪ್ಪಿಗೆಯ ಕಾಗದದ ಮೇಲೆ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಬರೆದದ್ದು ಓದಿ. ಖಮ್ಮಂನ 9,543 ಒಪ್ಪಿಗೆ ಕಾಗದಗಳಲ್ಲಿ 1,948ಕ್ಕೆ ಹೆಬ್ಬೆಟ್ಟು. 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್ನರು!

ಲೆಕ್ಕ ತಿಳಿಯಿತೇ ಬಂಧುಗಳೇ? ಹೊತ್ತಿತ್ತು, ಯಾವ ಅವಸರವೂ ಇರಲಿಲ್ಲ, ಊರಿಗೆ ಹೋಗಿ ಅವ್ವ ಅಪ್ಪನಿಗೆ ಬಿಡಿಸಿ ಹೇಳಿ ಕೇಳಬಹುದಿತ್ತು. ಅಲ್ಲಿ ವಾರ್ಡನ್ನನ ಸಹಿ ಸಾಕಾಯಿತು, ಹೆಬ್ಬೆಟ್ಟು ಗುಡ್ಡೆಗಟ್ಟಲೆ ನಡೆಯಿತು. ಹೊತ್ತೇ ಇಲ್ಲದಾಗ, ಬೆರಳು ತಣ್ಣಗಾಗುತ್ತಿರುವಾಗ, ಆಯಿಯ ಹೆಬ್ಬೆಟ್ಟು ನಡೆಯಲಿಲ್ಲ, ಮಾಸ್ತರನ ಸಹಿ ಯಾರೂ ಕೇಳಲಿಲ್ಲ. ಒಪ್ಪಿಗೆ ನಮ್ಮ ಹಕ್ಕು. ಅದನ್ನು ನಮ್ಮಿಂದ ಕಸಿದುಕೊಂಡು ತಮ್ಮ ಮೈಗೆ ಗುರಾಣಿ ಮಾಡಿಕೊಂಡಿದ್ದಾರೆ.

ಇದರೊಳಗೆ ಜಾತಿ ಇಲ್ಲವೇ ಎಂದು ಕೇಳುವ ಗೆಳೆಯರಿದ್ದಾರೆ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮಾಸ್ತರರ ಪತ್ರವಿದೆ. 1929ರ ಡಿಸೆಂಬರಿನ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದದ್ದು. ಬಾಣಂತಿ ಹೆಂಡತಿಗೆ ಜಡ್ಡಾದಾಗ ಡಾಕ್ಟರ್ ಕೇರಿಯೊಳಗೆ ಕಾಲಿಡಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗೆ ಇಟ್ಟ, ಅದೇ ದಾರಿಯಲ್ಲಿ ಅದು ಮರಳಿ ಹೋಯಿತು. ಮುಟ್ಟದೇ ಪರೀಕ್ಷೆ ಮಾಡಿದ ಆ ಡಾಕ್ಟರ್ ಫೀಸು ಮಾತ್ರ ಮುಟ್ಟಿದ. ಬಾಣಂತಿ ಸತ್ತಳು. ಇಂದು ಯಾರೂ ಬಾಯಿ ಬಿಟ್ಟು ಮುಟ್ಟುವುದಿಲ್ಲ ಅನ್ನುವುದಿಲ್ಲ. 'ಅವರಪ್ಪ ಬರಲಿ' ಅನ್ನುತ್ತಾರೆ. ಗೌಡರ ಮಗ ಬಿದ್ದಿದ್ದರೆ ಮೋಟರ್ ಸೈಕಲ್ ಅಪ್ಪನಿಗಾಗಿ ಕಾಯುತ್ತಿತ್ತೇ? ಆ ಅಂಗಳದಲ್ಲಿ ನಿಂತವರೆಲ್ಲ ಎದೆ ಮುಟ್ಟಿ ಹೇಳಲಿ. ಅಪ್ಪ ಅವ್ವ ಊರು ಬಿಟ್ಟು ಗುಳೆ ಹೋಗುವುದು ಯಾರು? ಗೊಬ್ಬೂರಿನ ರಸ್ತೆಯಲ್ಲಿ ಗಂಟು ಕಟ್ಟಿಕೊಂಡು ಪುಣೆ, ಮುಂಬಯಿ, ಬೆಂಗಳೂರಿಗೆ ಬಸ್ಸು ಹತ್ತುವವರು ಯಾವ ಓಣಿಯವರು? ಸಹಿ ಹಾಕಲು ಅಪ್ಪ ಊರಲ್ಲಿ ಇರಬೇಕೆಂದರೆ ಅವನ ಪಾಲಿಗೆ ಊರಲ್ಲಿ ಹೊಲ ಇರಬೇಕು.

ನಮ್ಮವರಿಗೂ ಎರಡು ಮಾತು. ಹುಳ ಮುಟ್ಟಿದರೆ ಇಂದಿಗೂ ಮೊದಲು ಮಂತ್ರದವನ ಮನೆಗೆ ಹೋಗುವವರು ನಾವೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಸಾರಿತು. ಮಂತ್ರದವನ ಅಂಗಳದಲ್ಲಿ ಸತ್ತ ಮಗು ಯಾವ ವರದಿಯಲ್ಲೂ ಬರುವುದಿಲ್ಲ. ಮಾಸ್ತರು ಧೈರ್ಯ ಮಾಡಿ ಒಯ್ದಾಗ, ಮಗು ಉಳಿಯದಿದ್ದರೆ, ಅವನ ಅಂಗಿ ಹಿಡಿದು ಎಳೆದವರೂ ನಾವೇ. ಅದರಲ್ಲೂ ಆ ಮಾಸ್ತರು ನಮ್ಮ ಓಣಿಯಿಂದಲೇ ಹೋದವನಾಗಿ, ಸತ್ತ ಮಗು ಮೇಲಿನ ಓಣಿಯದಾದರೆ ಅವನ ಗತಿ ಏನು ಎಂಬುದನ್ನು ಈ ಪತ್ರಿಕೆ ಓದುವ ಮಾಸ್ತರರಿಗೆ ಹೇಳಬೇಕಾಗಿಲ್ಲ. ಅವರ ಹೆದರಿಕೆ ಸುಳ್ಳಲ್ಲ. ಅಪಘಾತವಾದವರನ್ನು ದವಾಖಾನೆಗೆ ಒಯ್ದವರ ರಕ್ಷಣೆಗೆ ಕರ್ನಾಟಕ 2016ರಲ್ಲೇ ಕಾಯಿದೆ ಮಾಡಿತು. ಅದನ್ನು ಎಷ್ಟು ಸಾಲಿಗಳ ಗೋಡೆಗೆ ಅಂಟಿಸಿದ್ದಾರೆ? ಗಾದೆ ಮಾತು, ನೀತಿ ವಚನ ಬರೆಸಲು ಗೋಡೆ ಇದೆ. 2008ರಿಂದ ಓಡುತ್ತಿರುವ 108 ಗಾಡಿ ನಮ್ಮ ಊರಿಗೆ ಬರಲು ಎಷ್ಟು ಹೊತ್ತು, ಅದು ತಡವಾದರೆ ಯಾರ ಜೀಪು, ಡೀಸೆಲ್ ರೊಕ್ಕ ಯಾರು ಕೊಡಬೇಕು, ಹತ್ತಿರದ ದವಾಖಾನೆಯಲ್ಲಿ ಹಾವಿನ ವಿಷದ ಸೂಜಿ ಇದೆಯೇ, ಇದೊಂದು ಹಾಳೆ ಹೆಡ್ ಮಾಸ್ತರರ ಮೇಜಿನ ಗಾಜಿನ ಕೆಳಗೆ ಇರಲು ಯಾವ ಬಜೆಟ್ಟು ಬೇಕು?

ಸಾಲಿ ಸುರುವಾದ ಮೇಲೆ ನಾವು ನಾಲ್ಕು ಮಂದಿ ಓಣಿ ಓಣಿ ತಿರುಗಿ ಒಂದು ಕಾಗದ ಬರೆಸಿದೆವು. "ನಮ್ಮ ಮಗನಿಗಾಗಲಿ ಮಗಳಿಗಾಗಲಿ ಸಾಲಿಯಲ್ಲಿ ಜೀವಕ್ಕೆ, ಕೈಕಾಲಿಗೆ ಅಪಾಯ ಆದ್ರ ನಮಗ ಕಾಯಬ್ಯಾಡ್ರಿ. ಮೊದಲ ದವಾಖಾನಿಗಿ ಒಯ್ರಿ, ಒಯ್ಕೋತ ಫೋನ್ ಹಚ್ರಿ. ನಾವು ಊರಾಗ ಇರದಿದ್ರ ನಮ್ಮ ಪರವಾಗಿ ಇವರು ಹೂಂ ಅಂತಾರ" ಎಂದು ಬರೆದು ಆಯಿ, ಮುತ್ಯಾ, ದೊಡ್ಡವ್ವ ಯಾರಿದ್ದರೋ ಅವರ ಹೆಸರು. ಪ್ರತಿಯೊಂದನ್ನೂ ಓದಿ ಹೇಳಿದೆವು. ಪುಣೆಯಲ್ಲಿದ್ದವರಿಗೆ ಫೋನಿನಲ್ಲಿ ಓದಿ ಹೇಳಿ ಮಾತು ತಗೊಂಡೆವು. ಕೆಲವರು ಬೇಡವೆಂದರು, ಬಿಟ್ಟೆವು. ಮೊದಲ ಹೆಬ್ಬೆಟ್ಟು ನಮ್ಮ ಆಯಿಯದೇ.

ಒಬ್ಬ ಹೆಡ್ ಮಾಸ್ತರರು ಕಾಗದ ಇಸಕೊಂಡು, ದಾಖಲಾತಿ ಪುಸ್ತಕದೊಳಗೆ ಇಟ್ಟು, ಚಹಾ ಕುಡಿಸಿ ಕಳಿಸಿದರು. ಇನ್ನೊಬ್ಬರು ತಿರುವಿ ನೋಡಿ "ಇದಕ್ಕ ಮ್ಯಾಲಿಂದ ಆರ್ಡರ್ ಬರಬೇಕ್ರೀ" ಅಂದರು. ಅವರ ಸಾಲಿಯ ಕಾಗದಗಳು ಇನ್ನೂ ನಮ್ಮ ಚೀಲದಲ್ಲಿವೆ. ಬರುವ ಸೋಮವಾರ ಮತ್ತೆ ಹೋಗುತ್ತೇವೆ, ಈ ಸಲ ಹೆಬ್ಬೆಟ್ಟು ಒತ್ತಿದ ಆಯಿಗಳನ್ನೂ ಕರಕೊಂಡು.