ಭಾವವೂ ಕೈಗೆಲಸವೂ

ದುಃಖವು ಎಲ್ಲರ ಪಾಲಿಗೂ ಉಂಟು. ಅದನ್ನು ಕಲೆಯಾಗಿಸುವ ಶಕ್ತಿ ಕೆಲವರಿಗೆ ಮಾತ್ರ. ಭಾವವು ಎಷ್ಟೇ ತೀವ್ರವಾಗಿದ್ದರೂ, ತಕ್ಕ ವಿಭಾವಾನುಭಾವಗಳು ಒದಗಿದ ಹೊರತು ರಸವಾಗಿ ಪರಿಣಮಿಸದೆಂಬುದು ಭಾರತೀಯ ಆಲಂಕಾರಿಕರ ಸಿದ್ಧಾಂತ. ಈ ತತ್ತ್ವವು ಕಾವ್ಯನಾಟಕಗಳಿಗಷ್ಟೇ ಸಲ್ಲುವುದೆಂದು ಬಗೆಯುವವರು ಶಿಲ್ಪಿ ಲೂಯೀಸ್ ಬೂರ್ಜ್ವಾ ಅವರ ಕೃತಿಗಳನ್ನು ಪರಿಶೀಲಿಸುವುದು ಉಚಿತ.

1911ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಇವರ ಮನೆತನದ ಕಸುಬು ಗೋಡೆಗೆ ತೂಗುಹಾಕುವ ಪುರಾತನ ಚಿತ್ರವಸ್ತ್ರಗಳನ್ನು ಸರಿಪಡಿಸುವುದು. ಅಂಚು ಸವೆದ ವಸ್ತ್ರಗಳಲ್ಲಿ ಆಕೃತಿಗಳ ಪಾದಗಳೇ ಅಳಿದಿರುತ್ತಿದ್ದುವು. ಅವನ್ನು ಮರಳಿ ಬರೆದುಕೊಡುವುದು ಬಾಲ್ಯದಲ್ಲಿಯೇ ಇವರ ಪಾಲಿಗೆ ಬಂದ ಕೆಲಸ. ತಂದೆಯ ದಾಂಪತ್ಯದ್ರೋಹವೂ 1932ರಲ್ಲಿ ಸಂಭವಿಸಿದ ತಾಯಿಯ ಮರಣವೂ ಮಾಯದ ಗಾಯಗಳಾದುವು. ಸೋರ್ಬಾನಿನಲ್ಲಿ ಗಣಿತವನ್ನು ಓದುತ್ತಿದ್ದವರು ಕಲೆಯತ್ತ ತಿರುಗಿದರು. 1938ರಲ್ಲಿ ನ್ಯೂಯಾರ್ಕ್ ಸೇರಿದರು. ಆ ನಗರದ ಆಧುನಿಕ ಕಲಾ ಸಂಗ್ರಹಾಲಯವು ಇವರ ಸಮಗ್ರ ಪ್ರದರ್ಶನವನ್ನು ಏರ್ಪಡಿಸಿದ್ದು 1982ರಲ್ಲಿ; ಆಗ ಇವರ ವಯಸ್ಸು ಎಪ್ಪತ್ತು. 2010ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನರಾಗುವವರೆಗೂ ಇವರ ಕೈ ವಿರಮಿಸಲಿಲ್ಲ.

1999ರಲ್ಲಿ ರೂಪುಗೊಂಡ ಇವರ ಮಹಾಕೃತಿಯ ಹೆಸರು 'ಮಾಮಾಂ', ಅರ್ಥಾತ್ 'ಅಮ್ಮ'. ಅದು ಮೂವತ್ತಡಿಗೂ ಮಿಗಿಲಾದ ಉಕ್ಕಿನ ಜೇಡ. ಒಡಲ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳು. 2000ದಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದ ಆರಂಭಕಾಲದಲ್ಲಿ ಅದು ಪ್ರದರ್ಶಿತವಾಯಿತು. ಹರಿದ ಬಲೆಯನ್ನು ಮತ್ತೆ ಮತ್ತೆ ನೇಯುವ ಜೇಡದಲ್ಲಿ, ಹರಿದ ವಸ್ತ್ರವನ್ನು ಸರಿಪಡಿಸುತ್ತಿದ್ದ ತಾಯಿಯನ್ನು ಮಗಳು ಕಂಡರು. ಅದರ ಕೆಳಗೆ ನಿಂತವನಿಗೆ ಭಯವೂ ವಾತ್ಸಲ್ಯವೂ ಏಕಕಾಲಕ್ಕೆ ಅನುಭವಕ್ಕೆ ಬರುತ್ತವೆ. ವಾರ್ಧಕ್ಯದಲ್ಲಿ ಇವರು ತಮ್ಮ ಹಳೆಯ ಉಡುಪುಗಳನ್ನೂ ಮನೆಯ ಬಟ್ಟೆಗಳನ್ನೂ ಕತ್ತರಿಸಿ ಹೊಲಿದು, 2002ರಲ್ಲಿ ಒಂದು ಬಟ್ಟೆಯ ಪುಸ್ತಕವನ್ನೇ ರಚಿಸಿದರು. ಅದರ ಹೆಸರಿನ ಅರ್ಥ 'ಮರವೆಗೆ ಸ್ತುತಿ'. ಮರೆಯಲಾರದವರೇ ಮರವೆಯನ್ನು ಸ್ತುತಿಸಿದುದು ಗಮನಾರ್ಹ.

ಒಬ್ಬರ ಮನೆಯ ವ್ಯಥೆಯಿಂದ ಲೋಕಕ್ಕೇನು ಪ್ರಯೋಜನವೆಂಬ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಜೀವನಚರಿತ್ರೆಯ ಊರುಗೋಲಿಲ್ಲದೆ ನಿಲ್ಲಲಾರದ ಕೃತಿ ದುರ್ಬಲವೇ ಸರಿ. ಆದರೆ ಕಲಾವಿದೆಯ ತಾಯಿ ಯಾರೆಂದು ಅರಿಯದವನೂ ಆ ಜೇಡದ ಕೆಳಗೆ ಮಗುವಾಗುತ್ತಾನೆ. ಸ್ವಂತದ ಶೋಕವು ಹೀಗೆ ಸರ್ವರ ಅನುಭವವಾಗುವುದೇ ಸಾಧಾರಣೀಕರಣ. ಅದನ್ನು ಸಾಧಿಸಿದ್ದು ಕಣ್ಣೀರಲ್ಲ. ಸೂಜಿ, ಉಳಿ, ಲೇಖನಿಗಳ ದೀರ್ಘಾಭ್ಯಾಸ.

ಶಾಲೆಗಳಲ್ಲಿ ಅಕ್ಷರಕ್ಕೆ ಮೊದಲ ಮಣೆ. ಹೊಲಿಗೆ, ಮಣ್ಣಿನ ಕೆಲಸಗಳಿಗೆ ವೇಳಾಪಟ್ಟಿಯ ಕೊನೆಯ ಮೂಲೆ. ಪರೀಕ್ಷೆ ಸಮೀಪಿಸಿತೆಂದರೆ ಆ ಮೂಲೆಯೂ ಇಲ್ಲ. ಮಾತಿನಲ್ಲಿ ಹೇಳಲಾರದ ನೋವು ಮಕ್ಕಳಿಗೂ ಉಂಟು. ಅದಕ್ಕೆ ರೂಪ ಕೊಡಬಲ್ಲ ಕೈಗಳನ್ನು ಪಳಗಿಸದೆ ಬುದ್ಧಿಯನ್ನಷ್ಟೇ ಬೆಳೆಸುವ ಶಿಕ್ಷಣ ಅಪೂರ್ಣವೆಂಬುದನ್ನು ಅಧ್ಯಾಪಕರೂ ವಿದ್ಯಾಪೋಷಕರೂ ಮನಗಾಣಬೇಕು.