ಎಳೆಯುವ ಬಲ, ನಿಲ್ಲಿಸುವ ಬಲ

ಮೂಡಿಗೆರೆ ಸಮೀಪ ಸಣ್ಣ ಕಾಫಿ ತೋಟ ಮಾಡಿಕೊಂಡಿರುವ ನನ್ನ ಸೋದರಳಿಯ ಈಚೆಗೆ ಬೆಂಗಳೂರಿಗೆ ಬಂದಾಗ ಒಂದು ಪ್ರಶ್ನೆಯನ್ನು ಹೊತ್ತು ತಂದಿದ್ದ. ಅವನ ಬಳಿ ಇಪ್ಪತ್ತು ವರ್ಷ ದಾಟಿದ ಡೀಸೆಲ್ ಪಿಕಪ್ ಇದೆ. ಕೊಯ್ಲಿನ ಕಾಲದಲ್ಲಿ ಅದರ ಹಿಂದೆ ಎರಡು ಚಕ್ರದ ಟ್ರೇಲರ್ ಕಟ್ಟಿ ಕಾಫಿ ಮೂಟೆ, ಗೊಬ್ಬರ ಸಾಗಿಸುತ್ತಾನೆ. "ಮಾವ, ಟ್ರೇಲರ್ ಕಟ್ಟಿದರೆ ಗಾಡಿ ಏರು ಹತ್ತುವುದಿಲ್ಲ. ದೊಡ್ಡ ಎಂಜಿನ್ ಕೂರಿಸಿಬಿಡೋಣ ಅಂದುಕೊಂಡಿದ್ದೇನೆ. ನೀವೇನು ಹೇಳುತ್ತೀರಿ?" ಎಂದು ಕೇಳಿದ. 2024ರಲ್ಲಿ ಕಾಫಿಗೆ ಬಂದ ಒಳ್ಳೆಯ ಬೆಲೆ ಅವನ ಕೈಯಲ್ಲಿ ಸ್ವಲ್ಪ ಹಣ ಉಳಿಸಿತ್ತು. ಗ್ಯಾರೇಜಿನವರು ಒಂದು ವಾರದ ಕೆಲಸ ಎಂದಿದ್ದರಂತೆ.

ಇದು ಒಬ್ಬನ ಪ್ರಶ್ನೆಯಲ್ಲ. ಹಳೆಯ ವಾಹನಕ್ಕೆ ಬೇರೆ ಎಂಜಿನ್ ಕೂರಿಸುವುದು ನಮ್ಮಲ್ಲಿ ಹೊಸದೂ ಅಲ್ಲ. ಡೀಸೆಲ್ ಬೆಲೆಯನ್ನು ಸರ್ಕಾರವೇ ನಿಗದಿಪಡಿಸಿ ಪೆಟ್ರೋಲಿಗಿಂತ ಬಹಳ ಅಗ್ಗವಾಗಿ ಇಟ್ಟಿದ್ದ ದಶಕಗಳಲ್ಲಿ ಪೆಟ್ರೋಲ್ ಜೀಪುಗಳ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸುವುದು ಒಂದು ಉದ್ಯೋಗವೇ ಆಗಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ನಿಯಂತ್ರಣಮುಕ್ತವಾದ ಮೇಲೆ ಆ ಆಕರ್ಷಣೆ ಕುಗ್ಗಿತು. ಆದರೆ ಗ್ಯಾರೇಜುಗಳ ಆ ಕೌಶಲ ಉಳಿಯಿತು. ಇಂಧನ ಉಳಿಸಲು ಕಲಿತ ವಿದ್ಯೆ ಈಗ ಹೆಚ್ಚು ಭಾರ ಎಳೆಯಲು ಬಳಕೆಯಾಗುತ್ತಿದೆ.

ಮೊದಲು ಸರಳ ಲೆಕ್ಕವೊಂದನ್ನು ನೋಡೋಣ. ವಾಹನ, ಟ್ರೇಲರ್, ಸರಕು ಎಲ್ಲ ಸೇರಿ 3 ಟನ್ ಇರಲಿ. ಹತ್ತು ಮೀಟರ್ ದೂರಕ್ಕೆ ಒಂದು ಮೀಟರ್ ಏರುವ ಕಡಿದಾದ ದಾರಿಯಲ್ಲಿ ಇದನ್ನು ಹತ್ತಿಸಲು ಸುಮಾರು 300 ಕಿಲೋ ಭಾರದಷ್ಟು ಎಳೆತ ಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಇದಕ್ಕೆ ಬೇಕಾಗುವುದು ಸುಮಾರು 22 ಅಶ್ವಶಕ್ತಿ. 40 ಕಿಲೋಮೀಟರ್ ವೇಗದಲ್ಲಿ 44. ಚಕ್ರದ ಘರ್ಷಣೆ, ಗೇರುಗಳಲ್ಲಿ ಆಗುವ ನಷ್ಟ ಸೇರಿಸಿದರೆ ಇನ್ನಷ್ಟು. ಅಂದರೆ ಅಶ್ವಶಕ್ತಿ ಹೆಚ್ಚಿದಂತೆ ಮುಖ್ಯವಾಗಿ ಸಿಗುವುದು ಏರಿನಲ್ಲಿ ವೇಗ. ಎಳೆತವನ್ನು ನಿರ್ಧರಿಸುವುದು ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಮತ್ತು ಅದನ್ನು ಹಲವು ಪಟ್ಟು ಹೆಚ್ಚಿಸಿ ಚಕ್ರಕ್ಕೆ ತಲುಪಿಸುವ ಗೇರುಗಳು. ಕಡಿಮೆ ಅಶ್ವಶಕ್ತಿಯ ಟ್ರ್ಯಾಕ್ಟರ್ ಕಬ್ಬಿನ ಗಾಡಿಗಳನ್ನು ಎಳೆಯುವುದು ಈ ಕಾರಣದಿಂದಲೇ. ಹಳೆಯ ಪಿಕಪ್ ಏರಿನಲ್ಲಿ ಉಸಿರುಗಟ್ಟುತ್ತಿದ್ದರೆ ಅದು ಚಿಕ್ಕ ಎಂಜಿನ್ ಎಂಬುದಕ್ಕಿಂತ ಸವೆದ ಎಂಜಿನ್ ಎಂಬುದೇ ಕಾರಣವಾಗಿರುವ ಸಂಭವ ಹೆಚ್ಚು. ಸವೆದ ಪಿಸ್ಟನ್ ರಿಂಗ್, ಸರಿಯಾಗಿ ಸಿಂಪಡಿಸದ ಇಂಜೆಕ್ಟರ್, ಜಾರುವ ಕ್ಲಚ್ ಇವು ಸದ್ದಿಲ್ಲದೆ ಬಲವನ್ನು ನುಂಗುತ್ತವೆ.

ಈ ಲೆಕ್ಕದ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ. ಏರುವಾಗ ಹಿಂದಕ್ಕೆ ಜಗ್ಗಿದ ಆ 300 ಕಿಲೋ ಬಲ, ಅದೇ ದಾರಿಯಲ್ಲಿ ಇಳಿಯುವಾಗ ಮುಂದಕ್ಕೆ ನೂಕುತ್ತದೆ. ಅದನ್ನು ತಡೆಯುವುದು ಬ್ರೇಕ್ ಮತ್ತು ಕೆಳ ಗೇರಿನ ಹಿಡಿತ. ವೇಗ 40ರಿಂದ 60ಕ್ಕೆ ಏರಿದರೆ ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಚಲನಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಉದ್ದನೆಯ ಇಳಿಜಾರಿನಲ್ಲಿ ಕಾದ ಡ್ರಮ್ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಇಲ್ಲದ ಟ್ರೇಲರ್ ತಿರುವಿನಲ್ಲಿ ಮುಂದಿನ ವಾಹನವನ್ನೇ ಅಡ್ಡಕ್ಕೆ ತಳ್ಳಬಲ್ಲದು. ದೊಡ್ಡ ಎಂಜಿನ್ ಕೂರಿಸಿದಾಕ್ಷಣ ಬ್ರೇಕ್ ದೊಡ್ಡದಾಗುವುದಿಲ್ಲ. ರೇಡಿಯೇಟರ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಚಾಸಿ ಇವೂ ಹಳೆಯ ಎಂಜಿನ್ನಿನ ಅಳತೆಗೆ ಮಾಡಿದವೇ ಆಗಿರುತ್ತವೆ. ಇನ್ನು, ಎಂಜಿನ್ ಬದಲಿಸದೆಯೇ ಡೀಸೆಲ್ ಪಂಪ್ ತಿರುವಿ ಬಲ ಹೆಚ್ಚಿಸುವ ಅಗ್ಗದ ದಾರಿಯಲ್ಲಿ ಸಿಗುವುದು ಕಪ್ಪು ಹೊಗೆ ಮತ್ತು ಬೇಗ ಸುಟ್ಟುಹೋಗುವ ಪಿಸ್ಟನ್.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ಇಲಾಖೆಯ ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಅಳವಡಿಸುವ ಪ್ರಸ್ತಾವವೊಂದು ನನ್ನ ಮೇಜಿಗೆ ಬಂತು. ಅರ್ಥಶಾಸ್ತ್ರ ಓದಿದ ಹುಮ್ಮಸ್ಸಿನಲ್ಲಿ ಉಳಿತಾಯದ ತಃಖ್ತೆಯನ್ನು ಎರಡೆರಡು ಸಲ ಪರಿಶೀಲಿಸಿ ಶಿಫಾರಸು ಬರೆದೆ. ಕಡತದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಕಾಲಂ ಇತ್ತು. ಬ್ರೇಕ್ ಎಂಬ ಕಾಲಂ ಇರಲಿಲ್ಲ. ಹೊಸ ಎಂಜಿನ್ ಕೆಳ ವೇಗದಲ್ಲಿ ಚೆನ್ನಾಗಿ ಎಳೆಯಿತು. ಚೆನ್ನಾಗಿ ಎಳೆಯುತ್ತದೆಂದು ಟ್ರೇಲರಿಗೆ ಇನ್ನಷ್ಟು ತುಂಬಿದರು. ಒಂದು ಮಳೆಗಾಲದ ಸಂಜೆ ಇಳಿಜಾರಿನಲ್ಲಿ ಜೀಪು ಹಿಡಿತ ತಪ್ಪಿ ದಂಡೆಗೆ ಗುದ್ದಿತು. ಚಾಲಕನ ಪ್ರಾಣ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ವಿಚಾರಣಾ ವರದಿಯಲ್ಲಿ ಚಾಲಕನ ಅಜಾಗರೂಕತೆ ಎಂದು ಬರೆಯಲಾಯಿತು. ನನ್ನ ಶಿಫಾರಸಿನ ಪ್ರಸ್ತಾಪ ಅದರಲ್ಲಿ ಇರಲಿಲ್ಲ. ಅದು ಇರಬೇಕಿತ್ತು ಎಂದು ಇಂದಿಗೂ ಅನಿಸುತ್ತದೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚ ಎನ್ನುತ್ತಾರೆ. ಹೆಚ್ಚಿದ ಬಲದ ಲಾಭ ಮಾಲೀಕನಿಗೆ; ಅಪಾಯದ ಪಾಲು ಚಾಲಕನಿಗೆ, ಎದುರಿನಿಂದ ಬರುವ ಬೈಕ್ ಸವಾರನಿಗೆ, ತಿರುವಿನಲ್ಲಿ ಬಸ್ಸಿಗೆ ಕಾದು ನಿಂತ ಶಾಲಾ ಮಕ್ಕಳಿಗೆ. ಇಂಥ ಕಡೆ ಕಾನೂನು ಮಧ್ಯೆ ಬರುವುದು ನ್ಯಾಯವೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಕಾಯ್ದೆಯ ದೃಷ್ಟಿಯಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ ಎಂಬುದು ಹಲವರಿಗೆ ತಿಳಿದಿಲ್ಲ. ಅಪಘಾತವಾದ ದಿನ ನೋಂದಣಿ ಪತ್ರದಲ್ಲಿ ಒಂದು ಎಂಜಿನ್, ವಾಹನದೊಳಗೆ ಇನ್ನೊಂದು ಎಂಜಿನ್ ಇದ್ದರೆ ವಿಮಾ ಸಂಸ್ಥೆ ತಕರಾರು ತೆಗೆಯುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಿಷೇಧವೊಂದೇ ನೀತಿಯಾಗಲಾರದು. ಹಳೆಯ ವಾಹನವನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಲಿ ಎಂಬ ವಾದವಿದೆ. 2021ರ ಗುಜರಿ ನೀತಿಯ ಆಶಯವೂ ಅದೇ. ವರ್ಷವಿಡೀ ರಸ್ತೆಯ ಮೇಲಿರುವ ಸಾಗಣೆದಾರರಿಗೆ ಇದು ಸರಿಯಾದ ಸಲಹೆ. ವರ್ಷದಲ್ಲಿ ಮೂರು ತಿಂಗಳು ಮಾತ್ರ ಭಾರ ಎಳೆಯುವ ಸಣ್ಣ ಬೆಳೆಗಾರನಿಗೆ ಹೊಸ ವಾಹನದ ಸಾಲದ ಕಂತು ಹನ್ನೆರಡು ತಿಂಗಳೂ ಕಟ್ಟಬೇಕಾದ ಹೊರೆ. ಸಕ್ರಮ ದಾರಿ ದುಬಾರಿ ಅಥವಾ ಅಸ್ಪಷ್ಟವಾದಾಗ ಜನ ಅಕ್ರಮ ದಾರಿ ಹಿಡಿಯುತ್ತಾರೆ. ಆಗ ಕೆಲಸ ನಿಲ್ಲುವುದಿಲ್ಲ, ತಪಾಸಣೆ ಮಾತ್ರ ನಿಲ್ಲುತ್ತದೆ.

ಪರಿಹಾರ ಕಾಯ್ದೆಯೊಳಗೇ ಇದೆ. ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಾಯಿಸಲು ಅನುಮೋದಿತ ಕಿಟ್ ಮೂಲಕ ಅದೇ 52ನೇ ಕಲಮು ಅವಕಾಶ ಕೊಡುತ್ತದೆ. ಇದೇ ಮಾದರಿಯಲ್ಲಿ, ಹಳೆಯ ಪಿಕಪ್‌ಗಳಿಗೆ ಹೊಂದುವ ಎಂಜಿನ್, ಬ್ರೇಕ್ ಮತ್ತು ರೇಡಿಯೇಟರನ್ನು ಒಟ್ಟಾಗಿ ಒಂದೇ ಕಿಟ್ ಎಂದು ತಯಾರಕರು ಸಿದ್ಧಪಡಿಸಿ, ಪುಣೆಯ ಎಆರ್‌ಎಐನಂತಹ ಸಂಸ್ಥೆ ಪರೀಕ್ಷಿಸಿ ಒಪ್ಪಿಗೆ ನೀಡುವ ವ್ಯವಸ್ಥೆ ಏಕಾಗಬಾರದು? ಅಳವಡಿಸಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಹೊಗೆಯ ಜೊತೆಗೆ, ಭಾರ ತುಂಬಿದ ಸ್ಥಿತಿಯಲ್ಲಿ ಬ್ರೇಕನ್ನೂ ಪರೀಕ್ಷಿಸಬೇಕು. ಎಳೆಯಬಹುದಾದ ಗರಿಷ್ಠ ತೂಕವನ್ನು ವಾಹನದ ಮೇಲೆಯೇ ಕನ್ನಡದಲ್ಲಿ ಬರೆಸಬೇಕು. ಸರಕು ಹೊರುವ ಟ್ರೇಲರುಗಳ ಬ್ರೇಕ್ ತಪಾಸಣೆ ಕಾಗದದ ಮೇಲಿನ ಶಾಸ್ತ್ರವಾಗಬಾರದು.

ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟೇ: ಇರುವ ಎಂಜಿನ್ನನ್ನೇ ಬಿಚ್ಚಿಸಿ ದುರಸ್ತಿ ಮಾಡಿಸು, ಇಂಜೆಕ್ಟರ್, ಕ್ಲಚ್ ನೋಡಿಸು. ಮೊದಲ ಹಣ ಬ್ರೇಕಿಗೆ ಹಾಕು. ಎರಡು ಸಲ ಹೊರುವುದನ್ನು ಮೂರು ಸಲ ಹೊರು. ತೀರಾ ಭಾರವಿದ್ದ ದಿನ ಲಾರಿ ಬಾಡಿಗೆಗೆ ತೆಗೆದುಕೋ. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. "ಏರು ಹತ್ತದಿದ್ದರೆ ಏನು ಮಾಡಲಿ ಮಾವ?" ಎಂದ. ಏರು ಹತ್ತದ ಗಾಡಿ ಅಲ್ಲೇ ನಿಲ್ಲುತ್ತದೆ, ಇಳಿಯುವಾಗ ನಿಲ್ಲದ ಗಾಡಿಯ ಬಗ್ಗೆ ಯೋಚಿಸು ಎಂದೆ. ಸುಮ್ಮನಾದ. ಆದರೆ ಅವನ ಪ್ರಶ್ನೆಗೆ ಉತ್ತರಿಸಬೇಕಾದ್ದು ನಿವೃತ್ತನಾದ ಮಾವನಲ್ಲ, ಸಾರಿಗೆ ಇಲಾಖೆ.